ಸ್ವಂತ ವಾಸದ ಮನೆ

ಹುಸೇನಮ್ಮ ತೀರಿಕೊಂಡ ಸುದ್ದಿ ಬಂದಾಗ ಚಿಕ್ಕಮುನಿಯಪ್ಪ ಬಾಡಿಗೆಯವರ ಚಪ್ಪಲಿಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದ.

ಅಂದು ಸೋಮವಾರ. ಎಂದಿನಂತೆ ತಣ್ಣೀರಿನಲ್ಲಿ ಮಿಂದು, ಹಣೆಗೆ ವಿಭೂತಿ ಬಳಿದು, ಮುನೇಶ್ವರನ ಪಟಕ್ಕೆ ಊದುಬತ್ತಿ ಬೆಳಗುತ್ತಿದ್ದವನನ್ನು ಹೆಂಡತಿ ವೆಂಕಟಮ್ಮ ಅರ್ಧಕ್ಕೇ ಕರೆದು ಚೀಲ ಕೊಟ್ಟಿದ್ದಳು. "ಹತ್ತು ಗಂಟೆಗೆ ಆ ಪಾಲಿಕೆಯೋನು ಬರ್ತಾನೆ. ಮೆಟ್ಲು ಮೇಲೆ ಇಷ್ಟೊಂದು ಚಪ್ಪಲಿ ಕಂಡ್ರೆ, ಇದೇನು ಮನೆಯೋ ಛತ್ರವೋ ಅಂತ ಕೇಳಲ್ವಾ? ದೇವರು ಎಲ್ಲೂ ಓಡೋಗಲ್ಲ. ಮೊದ್ಲು ಚಪ್ಪಲಿ ಎತ್ತು."

ಅವನು ಎತ್ತುತ್ತಿದ್ದ. ಜೇಬಿನಲ್ಲಿ ಮೊಬೈಲು ಗುಂಯ್‌ಗುಟ್ಟಿತು. ಮೇಲಿನ ಕೋಣೆಯ ಬಸು, ಹುಸೇನಮ್ಮನ ಗಂಡ.

"ಯಪ್ಪಾ," ಎಂದ ಬಸು. "ಹುಸೇನಿ ಹೋದ್ಳ್ರಿ. ಬೆಳಕು ಹರಿಯೋ ಹೊತ್ನ್ಯಾಗ ಹೋದ್ಳು. ಕರಕೊಂಡು ಬರ್ತೀನ್ರಿ."

ಚಿಕ್ಕಮುನಿಯಪ್ಪ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಅವನ ಕೈಯಲ್ಲಿದ್ದುದು ಅವಳದೇ ಚಪ್ಪಲಿ. ಕಿತ್ತ ಉಂಗುಟಕ್ಕೆ ಪಿನ್ನು ಚುಚ್ಚಿ ಹಾಕಿಕೊಳ್ಳುತ್ತಿದ್ದಳು. ಜ್ವರ ಏರಿದ ದಿನ ಬಸು ಅವಳನ್ನು ಎತ್ತಿಕೊಂಡೇ ಆಟೋಗೆ ಕೂರಿಸಿ ಆಸ್ಪತ್ರೆಗೆ ಒಯ್ದಿದ್ದರಿಂದ ಅದು ಮೆಟ್ಟಿಲ ಮೇಲೆಯೇ ಉಳಿದಿತ್ತು.

"ಯಾರದು?" ಎಂದು ವೆಂಕಟಮ್ಮ ಬಾಗಿಲಿಗೆ ಬಂದಳು. ಅವನು ಹೇಳಿದ. ಅವಳು ಎದೆಯ ಮೇಲೆ ಕೈಯಿಟ್ಟು, "ಅಯ್ಯೋ ಶಿವನೇ" ಎಂದಳು. ಅದು ನಿಜವಾದ ಮಾತೇ. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತೂ ಬಂತು: "ಇವತ್ತೇ ಸಾಯ್ಬೇಕಿತ್ತಾ ಅವಳು?"

ಈ ಮಾತು ಅವಳ ಬಾಯಿಂದ ಯಾಕೆ ಬಂತೆಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ರಾಮಮೂರ್ತಿ ನಗರದ ಆ ಬೀದಿ ಒಂದು ಕಾಲಕ್ಕೆ ಚಿಕ್ಕಮುನಿಯಪ್ಪನ ಸೊಪ್ಪಿನ ಹೊಲವಾಗಿತ್ತು. ಕೋಳಿ ಕೂಗುವ ಮೊದಲೇ ಕೊತ್ತಂಬರಿ, ಮೆಂತ್ಯದ ಕಟ್ಟುಗಳಿಗೆ ನೀರು ಚಿಮುಕಿಸಿ ಮೊಪೆಡ್ಡಿಗೆ ಹೇರಿಕೊಂಡು ರಸೆಲ್ ಮಾರುಕಟ್ಟೆಗೆ ಒಯ್ಯುತ್ತಿದ್ದ. ಊರು ಬೆಳೆದು ಹೊಲದ ಬದುವಿಗೆ ಬಂತು, ಬದು ದಾಟಿತು. ಹೊಲವನ್ನು ತುಂಡು ತುಂಡಾಗಿ ಮಾರಿದ. ಉಳಿದ ಕೊನೆಯ ತುಂಡಿನಲ್ಲಿ ಮನೆ ಕಟ್ಟಿ, ಕೆಳಗೆ ತಾವಿದ್ದು, ಮೇಲೆ ಕೋಣೆಗಳನ್ನು ಹಾಕಿಸಿ ಬಾಡಿಗೆಗೆ ಕೊಟ್ಟ. ಮೊದಲು ಸೊಪ್ಪು ಅವರನ್ನು ಸಾಕಿತ್ತು, ಈಗ ಕೋಣೆಗಳು ಸಾಕುತ್ತಿದ್ದವು.

ಪ್ರತಿ ಏಪ್ರಿಲ್‌ನಲ್ಲಿ ಮನೆಯ ಮಾಲೀಕನೇ ತನ್ನ ಮನೆಯ ಅಳತೆ ಎಷ್ಟು, ಅದರಲ್ಲಿ ತಾನೇ ಇದ್ದಾನೋ ಬಾಡಿಗೆಗೆ ಕೊಟ್ಟಿದ್ದಾನೋ ಎಂದು ಹೇಳಿ ತೆರಿಗೆ ಕಟ್ಟಬೇಕು. ತಾನೇ ಇದ್ದರೆ ಒಂದು ದರ, ಬಾಡಿಗೆಗಿದ್ದರೆ ಅದರ ಎರಡರಷ್ಟು. ಮೊದಲ ವರ್ಷ ಚಿಕ್ಕಮುನಿಯಪ್ಪ ಇದ್ದುದನ್ನು ಇದ್ದ ಹಾಗೆ ಬರೆಸಲು ಹೊರಟಿದ್ದ. ಎದುರುಮನೆಯ ಪ್ರೇಮಕ್ಕ ಗೇಟಿನಲ್ಲೇ ತಡೆದಿದ್ದಳು. "ಏನು ಮಾವಾ, ಸತ್ಯಹರಿಶ್ಚಂದ್ರನ ತಮ್ಮನಾ ನೀವು? ಈ ಬೀದೀಲಿ ಬಾಡಿಗೆ ಅಂತ ಬರೆಸಿದೋರು ಒಬ್ರನ್ನ ತೋರ್ಸಿ, ಅವರ ಕಾಲಿಗೆ ಬೀಳ್ತೀನಿ. ಸ್ವಂತ ವಾಸ ಅನ್ನಿ, ಮನೇಗೆ ಹೋಗಿ ಮುದ್ದೆ ಉಣ್ಣಿ." ಅವನು ಹಾಗೆಯೇ ಬರೆಸಿದ. ಅಂದಿನಿಂದ ಸರ್ಕಾರದ ಲೆಕ್ಕದಲ್ಲಿ ಆ ಬೀದಿಯಲ್ಲಿ ಬಾಡಿಗೆಯವರೇ ಇರಲಿಲ್ಲ. ಬೆಳಿಗ್ಗೆ ನಲ್ಲಿಯ ಮುಂದೆ ಕೊಡ ಹಿಡಿದು ನಿಲ್ಲುತ್ತಿದ್ದವರೆಲ್ಲ ಯಾರೋ, ದೇವರೇ ಬಲ್ಲ.

ಹೀಗೆ ನಡೆಯುತ್ತಿರುವಾಗ ಪಾಲಿಕೆಯಿಂದ ನೋಟೀಸು ಬಂತು. ಒಂದೇ ಸಂಸಾರದ ಮನೆಗೆ ಇಷ್ಟೊಂದು ಕರೆಂಟ್ ಮೀಟರು ಯಾಕೆ ಎಂದು ಅದರಲ್ಲಿ ಕೇಳಿತ್ತು. ಬಾಡಿಗೆ ಮನೆಯೆಂದು ಗೊತ್ತಾದರೆ ಹಿಂದಿನ ವರ್ಷಗಳ ಬಾಕಿ, ಅದಕ್ಕೆ ದಂಡ, ದಂಡಕ್ಕೆ ಬಡ್ಡಿ. ಅದನ್ನು ಓದಿಸಿಕೊಂಡ ದಿನ ವೆಂಕಟಮ್ಮ ಅನ್ನ ಬಿಟ್ಟಳು. "ಹೊಲ ಮಾರಿ ಕಟ್ಟಿಸಿದ ಮನೆ. ನಮ್ಮ ಮನೇಲಿ ನಾವಿರೋಕೆ ಯಾರಿಗೋ ಬಾಡಿಗೆ ಕೊಟ್ಟಂಗಾಯ್ತು. ದಂಡ ಕಟ್ಟೋಕೆ ಮನೇನೇ ಮಾರ್ಬೇಕಾಗುತ್ತೆ. ಆಮೇಲೆ ನಾನೂ ನೀನೂ ಕೆ.ಆರ್. ಪುರದ ಸಂತೇಲಿ ಮಲಗೋದೇ." ಚಿಕ್ಕಮುನಿಯಪ್ಪ ದೇವರ ಮುಂದೆ ಕುಳಿತ. ದೇವರು ಏನೂ ಹೇಳಲಿಲ್ಲ. ವೆಂಕಟಮ್ಮ ಉಪಾಯ ಹೇಳಿದಳು.

ಉಪಾಯವೆಂದರೆ, ಮೇಲಿನವರೆಲ್ಲ ತಮ್ಮ ನೆಂಟರು. ಒಂದು ಕೋಣೆಯ ಸೆಕ್ಯುರಿಟಿ ಶರಣಪ್ಪ ಅಣ್ಣನ ಮಗ. ಅವನು ಹೇಗೂ ಹಗಲು ನಿದ್ದೆ ಮಾಡುವವನು, ಹೊರಗೇ ಬರುವುದಿಲ್ಲ. ಮೆಟ್ಟಿಲ ಪಕ್ಕದ ಕೋಣೆಯ, ರಾಯಚೂರಿನಿಂದ ಗಾರೆ ಕೆಲಸಕ್ಕೆ ಬಂದ ಬಸು ಅಳಿಯ. ಅವನ ಹೆಂಡತಿ ಹುಸೇನಮ್ಮ ಮಗಳು.

ಅಳತೆಗೆ ಬಂದ ಪಾಲಿಕೆಯ ಕೇದಾರ್ ಎಂಬವನು ಕಲಬುರಗಿ ಕಡೆಯ ಹುಡುಗ, ಮಾತು ಮೃದು. ಮೆಟ್ಟಿಲ ಮೇಲೆ ಅಕ್ಕಿ ಆರಿಸುತ್ತಿದ್ದ ಹುಸೇನಮ್ಮನನ್ನು ನೋಡಿ, "ಇವರು ನಿಮಗೇನಾಗ್ಬೇಕ್ರಿ?" ಎಂದು ಕೇಳಿದ.

"ಮಗಳು ಸ್ವಾಮಿ. ನಮ್ಮ ಹೊಟ್ಟೇಲಿ ಹುಟ್ಟಿದೋಳು," ಎಂದಳು ವೆಂಕಟಮ್ಮ.

"ಹೆಸರೇನವ್ವಾ?"

ಹೇಳಿಕೊಟ್ಟ ಪಾಠದಲ್ಲಿ ಹೆಸರಿನ ಮಾತೇ ಬಂದಿರಲಿಲ್ಲ. ಅವಳು ತಲೆಯೆತ್ತಿ, "ಹುಸೇನಮ್ಮ ರೀ" ಎಂದುಬಿಟ್ಟಳು.

ವೆಂಕಟಮ್ಮ ತಡವರಿಸಲಿಲ್ಲ. "ಮಕ್ಕಳಾಗ್ದೆ ಶಿವಾಜಿನಗರದ ದರ್ಗಾಕ್ಕೆ ಹರಕೆ ಹೊತ್ತಿದ್ದೆ ಸ್ವಾಮಿ. ಆಮೇಲೆ ಹುಟ್ಟಿದೋಳು, ಅದಕ್ಕೇ ಆ ಹೆಸರು."

"ಅದಕ್ಕೇನ್ರಿ, ನಮ್ಮ ಕಡಿ ಮನಿಗೊಬ್ರು ಹುಸೇನಪ್ಪ ಅದಾರ. ಆದ್ರ ಮಾತೂ ನಮ್ಮ ಕಡೀದs ಬಂತಲ್ರಿ ನಿಮ್ಮ ಮಗಳಿಗೆ?"

"ರಾಯಚೂರಿಗೆ ಕೊಟ್ಟಿದ್ವಿ. ಗಂಡನ ಮನೆ ಮಾತು ಹತ್ಕೊಂಡ್ಬಿಟ್ಟಿದೆ. ನಮ್ಮ ಮಾತೇ ಮರ್ತವಳೆ ಮುಂಡೇದು," ಎಂದು ವೆಂಕಟಮ್ಮ ಹುಸೇನಮ್ಮನ ಕೆನ್ನೆ ಹಿಂಡಿದಳು. ಕೇದಾರ್ ನಕ್ಕ. ಇನ್ನೊಮ್ಮೆ ಬಂದು ಮೇಲಿನ ಕೋಣೆಗಳನ್ನು ನೋಡಿ ಮುಗಿಸುತ್ತೇನೆ ಎಂದು ಸ್ಕೂಟರ್ ಹತ್ತಿದ.

ಅಲ್ಲಿಗೆ ಅದೊಂದು ಆಟವಾಗಿ ಮುಗಿಯಬೇಕಿತ್ತು. ಆದರೆ ಹುಸೇನಮ್ಮ ಅದನ್ನು ಆಟವೆಂದುಕೊಳ್ಳಲಿಲ್ಲ.

ಅವಳಿಗೆ ತವರೆಂಬುದು ಇರಲಿಲ್ಲ. ತಂದೆತಾಯಿ ಎಳವೆಯಲ್ಲೇ ಹೋಗಿದ್ದರು. ಸಾಕಿದ ಸೋದರಮಾವ ಮದುವೆ ಮಾಡಿ ಕೈ ತೊಳೆದುಕೊಂಡಿದ್ದ. ನಾಗರಪಂಚಮಿಗೆ ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಹೊರಟರೆ ಅವಳೊಬ್ಬಳು ಬಾಗಿಲು ಹಾಕಿಕೊಂಡು ಮಲಗುತ್ತಿದ್ದಳಂತೆ. ಅಂಥವಳ ಕೆನ್ನೆ ಹಿಂಡಿ ಒಬ್ಬ ಹೆಂಗಸು ಸರ್ಕಾರದವನ ಎದುರಿಗೆ ಮಗಳು ಎಂದಿದ್ದಳು. ಮರುದಿನದಿಂದ ಅವಳು ಬೆಳಿಗ್ಗೆ ಇಳಿದುಬಂದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡತೊಡಗಿದಳು. ವೆಂಕಟಮ್ಮ ಬೇಡವೆನ್ನಲಿಲ್ಲ. "ಮಗಳು ಅಂದ್ಮೇಲೆ ಮಗಳ ಥರಾ ಕಾಣ್ಬೇಕಲ್ಲ," ಎಂದು ಪಾತ್ರೆಯನ್ನೂ ಬಟ್ಟೆಯನ್ನೂ ಅವಳ ಮುಂದಿಟ್ಟಳು. ಕೆಲಸದವಳನ್ನು ಬಿಡಿಸಿದಳು. ಪ್ರೇಮಕ್ಕನ ಹತ್ತಿರ ನಗುತ್ತಾ ಹೇಳಿದಳು: "ತೆರಿಗೆ ನೋಟೀಸು ಬಂದಿದ್ದೂ ಒಳ್ಳೇದೇ ಆಯ್ತು ಕಣೇ."

ಚಿಕ್ಕಮುನಿಯಪ್ಪನಿಗೆ ಅವಳು ಬಿಸಿ ಜೋಳದ ರೊಟ್ಟಿ ತಂದುಕೊಡುತ್ತಿದ್ದಳು, ಅಪ್ಪಾ ಎನ್ನುತ್ತಿದ್ದಳು. ಅವನ ಸ್ವಂತ ಮಗಳು ರಶ್ಮಿ ಹಲಸೂರಿನಲ್ಲಿದ್ದಳು. ಅವಳು ಫೋನು ಮಾಡಿದರೆ ತಾಯಿಯೊಡನೆ ಮಾತಾಡಿ ಇಟ್ಟುಬಿಡುತ್ತಿದ್ದಳು. ಒಂದು ಸಂಜೆ ಹೂ ಕಟ್ಟುತ್ತಾ ಹುಸೇನಮ್ಮ ನಕ್ಕು ಕೇಳಿದ್ದಳು: "ಯಪ್ಪಾ, ಹೆಣ್ಣು ಸತ್ರ ತವರಮನಿ ಸೀರಿ ಹೊದಿಸದ ಎತ್ತಂಗಿಲ್ಲ. ನಾ ಸತ್ರ ಯಾರು ಹೊದಿಸ್ತಾರ ಅಂತ ನನ್ ಗಂಡ ಕಾಡಸ್ತಿದ್ದ. ಈಗ ನೀವs ಹೊದಸ್ರಿ, ಆತಾ?"

"ಬಿಡ್ತು ಅನ್ನು. ವಯಸ್ಸಾದೋನು ನಾನಿದೀನಿ ಮುಂದೆ."

"ಇಲ್ಲ, ಹೇಳ್ರಿ. ಹೊದಿಸ್ತೀನಿ ಅನ್ರಿ."

"ಆಯ್ತಮ್ಮಾ, ನಾನೇ ಹೊದಿಸ್ತೀನಿ," ಎಂದಿದ್ದ. ದೇವರ ದೀಪ ಹಚ್ಚುವ ಹೊತ್ತು. ಆ ಹೊತ್ತಿನಲ್ಲಿ ಆಡಿದ ಮಾತು ಮಾತಾಗಿಯೇ ಉಳಿಯುವುದಿಲ್ಲ ಎಂದು ಅವನು ನಂಬಿದ್ದ.

ಈಗ ಮೆಟ್ಟಿಲ ಮೇಲೆ ಕುಳಿತವನಿಗೆ ಬೇರೇನೂ ತೋಚಲಿಲ್ಲ. ಸೀರೆ ಎಲ್ಲಿಂದ ತರುವುದು ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ವೆಂಕಟಮ್ಮನ ತಲೆಯಲ್ಲಿ ಬೇರೆಯೇ ಇತ್ತು. "ಬಸುಗೆ ಫೋನ್ ಮಾಡು. ಸೀದಾ ಸ್ಮಶಾನಕ್ಕೇ ತಗೊಂಡ್ಹೋಗ್ಲಿ. ಹೆಣ ಬಾಗ್ಲಿಗೆ ಬಂದ್ರೆ ಸೂತಕ. ಶುಕ್ರವಾರ ರಶ್ಮಿ ಮಗೂಗೆ ನಾಮಕರಣ ಇಟ್ಕೊಂಡಿದೀವಿ. ಜೊತೆಗೆ ಅವನು ಬೇರೆ ಬರ್ತಾನೆ, ಅಳತೆಯೋನು. ಹೆಣದ ಸುತ್ತ ರಾಯಚೂರಿನೋರೆಲ್ಲ ಸೇರಿ ಅಳ್ತಾ ಕೂತ್ರೆ ಇದು ಯಾರ ಮನೆ ಅಂತ ಅವನಿಗೆ ಗೊತ್ತಾಗಲ್ವಾ?"

ಚಿಕ್ಕಮುನಿಯಪ್ಪ ಫೋನು ಮಾಡಿದ. ಬಸು ಎತ್ತಲಿಲ್ಲ. ಇನ್ನೊಮ್ಮೆ ಮಾಡುವಷ್ಟರಲ್ಲಿ ಬೀದಿಯ ತಿರುವಿನಲ್ಲಿ ಬಿಳಿಯ ವ್ಯಾನು ಕಾಣಿಸಿತು.

ವೆಂಕಟಮ್ಮ ಓಡಿಹೋಗಿ ಗೇಟಿನ ಚಿಲಕ ಹಾಕಿದಳು.

ಬಸು ವ್ಯಾನಿನಿಂದ ಇಳಿದ. ಗಾರೆಯ ಕಲೆಯಿದ್ದ ಅಂಗಿಯಲ್ಲೇ ಇದ್ದ, ಕಣ್ಣು ಕೆಂಪಗಿದ್ದವು. ಡ್ರೈವರ್ ಹಿಂದಿನ ಬಾಗಿಲು ತೆರೆದ. ಒಳಗೆ ಬಿಳಿಯ ಬಟ್ಟೆಯಲ್ಲಿ ಸುತ್ತಿದ್ದ ದೇಹ ಮಗುವಿನದಷ್ಟೇ ಚಿಕ್ಕದಾಗಿ ಕಂಡಿತು.

"ಯವ್ವಾ, ಗೇಟು ತಗೀರಿ. ಒಂದು ತಾಸು ಅಂಗಳದಾಗ ಇಳಸ್ತೀನಿ. ನೀರು ಹಾಕಿ ಒಯ್ತೀನಿ."

"ಇಲ್ಲಿ ಬೇಡ ಬಸು. ಮನೇಲಿ ಶುಭಕಾರ್ಯ ಇದೆ. ನೀನು ಹಿಂಗೇ ಹೋಗ್ಬಿಡು."

"ಹೆಂಗ ಒಯ್ಯಲಿ ರೀ? ತವರಮನಿ ಸೀರಿ ಹೊದಿಸಿಲ್ಲಲ್ರಿ. ಒಂದು ಸೀರಿ ಹೊದಸ್ರಿ, ನಾ ಕೇಳೋದು ಅಷ್ಟೇ. ಅಕೀ ಕೇಳಿದ್ಳು. ಮೂಗಿಗೆ ಕೊಳವಿ ಹಾಕಿದಾಗ್ಲೂ ಅದನ್ನs ಕೇಳಿದ್ಳು, ಯಪ್ಪಾ ಹೊದಿಸ್ತೀನಿ ಅಂದಾರ ಅಂತ."

ವೆಂಕಟಮ್ಮ ಗಂಡನ ಕಡೆ ತಿರುಗಿದಳು. ಚಿಕ್ಕಮುನಿಯಪ್ಪ ನೆಲ ನೋಡಿದ.

"ಇವರು ಯಾರಿಗೆ ಬೇಕಾದ್ರೂ ಏನು ಬೇಕಾದ್ರೂ ಅಂತಾರೆ," ಎಂದಳು. "ನೋಡು ಬಸು, ನೀವು ಮೇಲಿನ ಕೋಣೇಗೆ ಬಾಡಿಗೆಗೆ ಬಂದೋರು. ಕಷ್ಟ ಅಂದ್ರೆ ಒಂದು ಹಾರ ತರಿಸ್ಕೊಡ್ತೀನಿ. ಸೀರೆ ಹೊದಿಸೋಕೆ ನಾನೇನು ಹೆತ್ತವಳಾ?"

"ಹೆತ್ತಾಕಿ ಅಂತ ನೀವs ಹೇಳಿದ್ರಲ್ರಿ," ಎಂದ ಬಸು. ಅದರಲ್ಲಿ ಚುಚ್ಚುವ ದನಿ ಇರಲಿಲ್ಲ. ಗೊತ್ತಾಗದೆ ಕೇಳುವವನ ದನಿಯಿತ್ತು.

"ಅದು ಆ ಪಾಲಿಕೆಯೋನ ಮುಂದೆ ಹೇಳಿದ ಮಾತು."

ಬಸು ಕಬ್ಬಿಣದ ಸರಳು ಹಿಡಿದು ನಿಂತೇ ಇದ್ದ. ಎದುರಿನ ಮಹಡಿಗಳಲ್ಲಿ ಒಂದೊಂದೇ ತಲೆ ಕಾಣಿಸಿಕೊಂಡಿತು. ಡ್ರೈವರ್ ಕೈಗಡಿಯಾರ ನೋಡಿಕೊಂಡ. ಚಿಕ್ಕಮುನಿಯಪ್ಪನಿಗೆ ಗೇಟು ತೆಗೆಯಬೇಕೆನಿಸಿತು. ಚಿಲಕ ಮಾರು ದೂರದಲ್ಲೂ ಇರಲಿಲ್ಲ. ಆದರೆ ನಲವತ್ತು ವರ್ಷ ಸಂಸಾರ ಮಾಡಿದವನ ಕೈಗೆ ಹೆಂಡತಿ ಹಾಕಿದ ಚಿಲಕ ಸುಲಭವಾಗಿ ಬರುವುದಿಲ್ಲ. ಅವನು ಮನಸ್ಸಿನಲ್ಲೇ ಶಿವ ಶಿವಾ ಎಂದುಕೊಂಡ. ಆಗ ವ್ಯಾನಿನ ಹಿಂದೆ ಒಂದು ಸ್ಕೂಟರ್ ಬಂದು ನಿಂತಿತು.

ಕೇದಾರ್ ಹೆಲ್ಮೆಟ್ ತೆಗೆದ. ವ್ಯಾನಿನೊಳಗೆ ನೋಡಿದ, ಬಸುವನ್ನು ನೋಡಿದ. ಆಮೇಲೆ ಗೇಟಿನಾಚೆ ನಿಂತ ಮುದುಕನನ್ನು ಕೇಳಿದ.

"ಯಾರ್ರೀ ಯಜಮಾನ್ರ? ಯಾರು ತೀರಿಕೊಂಡಾರ?"

ಚಿಕ್ಕಮುನಿಯಪ್ಪನ ಬಾಯಿ ತೆರೆಯಿತು.

"ನನ್ನ ಮಗಳು," ಎಂದ.

ಹೆಂಡತಿ ಹೇಳಿಕೊಟ್ಟಿರಲಿಲ್ಲ. ಹೆದರಿಕೆಯಿಂದ ಬಂತೋ ದುಃಖದಿಂದ ಬಂತೋ ಅವನಿಗೇ ತಿಳಿಯಲಿಲ್ಲ.

ಆ ಮಾತು ಬೀಳುವುದೇ ತಡ, ವೆಂಕಟಮ್ಮ ಚಿಲಕ ಎಳೆದು ಗೇಟನ್ನು ಧಡಾರನೆ ತೆರೆದಳು. ಕೂದಲು ಬಿಚ್ಚಿಕೊಂಡಿತು. ಸೆರಗು ಜಾರಿತು. ವ್ಯಾನಿನ ಬಳಿಗೆ ಓಡಿ ಆ ಬಿಳಿಯ ಬಟ್ಟೆಯ ಮೇಲೆ ಬಿದ್ದಳು.

"ಅಯ್ಯೋ ನನ್ನ ಕಂದಾ! ನನ್ನ ಹೊಟ್ಟೆಗೆ ಬೆಂಕಿ ಇಟ್ಟು ಹೋದ್ಯೇನೇ! ಎತ್ತಿ ಆಡಿಸಿದ ಕೈಲಿ ಮಣ್ಣು ಹಾಕೋ ಹಂಗೆ ಮಾಡ್ಬಿಟ್ಯಲ್ಲೇ! ಹರಕೆ ಹೊತ್ತು ಹೆತ್ತೆನಲ್ಲೇ ನಿನ್ನ! ನನ್ನ ಕರ್ಕೊಂಡು ಹೋಗ್ಬಾರದಿತ್ತೇನೋ ಭಗವಂತಾ!"

ಬಸು ಬೆಚ್ಚಿಬಿದ್ದು ಹಿಂದೆ ಸರಿದ. ಅಂಥ ಅಳು ಆ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ವೆಂಕಟಮ್ಮ ಎದೆ ಬಡಿದುಕೊಂಡಳು, ಮಣ್ಣು ತೆಗೆದು ತಲೆಗೆ ಹಾಕಿಕೊಂಡಳು. ಎದುರುಮನೆಯ ಪ್ರೇಮಕ್ಕ ಮಹಡಿಯಿಂದ ಒಂದು ಕ್ಷಣ ನೋಡಿದಳು. ಸ್ಕೂಟರ್ ಯಾರದೆಂದು ಗುರುತು ಹಿಡಿದಳು. ಅವಳ ಮನೆಯೂ ಸ್ವಂತ ವಾಸದ ಮನೆಯೇ. "ಅಯ್ಯೋ ನಮ್ಮ ಹುಡುಗೀ!" ಎಂದು ಕೂಗುತ್ತಾ ಇಳಿದು ಬಂದಳು. ಅವಳ ಹಿಂದೆ ಇನ್ನೊಂದು ಮನೆಯವಳು, ಅವಳ ಹಿಂದೆ ಮತ್ತೊಬ್ಬಳು. ಬಾಡಿಗೆಯವರಿಲ್ಲದ ಆ ಬೀದಿಗೆ ಬೀದಿಯೇ ಬಾಡಿಗೆಯವಳಿಗಾಗಿ ಅತ್ತಿತು.

ದೇಹವನ್ನು ಅಂಗಳಕ್ಕಿಳಿಸಿದರು. ಅವಳೇ ದಿನಾ ರಂಗೋಲಿ ಬಿಡುತ್ತಿದ್ದ ಜಾಗದಲ್ಲಿ ಮಲಗಿಸಿದರು. ಕೇದಾರ್ ಬೂಟು ಕಳಚಿ ಕೈಕಟ್ಟಿ ನಿಂತ. ಅವನ ಕಣ್ಣೂ ಒದ್ದೆಯಾಗಿದ್ದವು. "ಹ್ವಾದ ವರ್ಷ ನಮ್ಮಕ್ಕನೂ ಹಿಂಗs ಹೋದ್ಳ್ರಿ," ಎಂದ ಚಿಕ್ಕಮುನಿಯಪ್ಪನಿಗೆ. "ತವರಿನ ಸೀರಿ ನಾನs ಒಯ್ದು ಹೊದಿಸಿದೆ. ನೀವು ಹೊದಿಸಿದ್ರೇನ್ರಿ?"

ವೆಂಕಟಮ್ಮನ ಅಳು ಅರೆಗಳಿಗೆ ನಿಂತಿತು. ಎದ್ದು ಒಳಗೆ ಹೋಗಿ ತೊಳೆದು ಮಡಿಚಿಟ್ಟಿದ್ದ ಒಂದು ನೂಲಿನ ಸೀರೆ ತಂದಳು.

"ಉಟ್ಟಿದ್ದು ಬ್ಯಾಡ್ರಿ ಯವ್ವಾ," ಎಂದ ಕೇದಾರ್ ಮೆಲ್ಲಗೆ. "ಹೊಟ್ಯಾಗ ಹುಟ್ಟಿದ ಮಗಳು. ಮಡಿಕಿ ಮುರೀದ ಹೊಸಾ ಸೀರಿ ಹೊದಸ್ರಿ. ಮನ್ಯಾಗ ಇಲ್ಲಾಂದ್ರ ಹೇಳ್ರಿ, ನಾ ಗಾಡಿ ಮ್ಯಾಲ ಹೋಗಿ ತರ್ತೀನಿ."

ಮನೆಯಲ್ಲಿ ಹೊಸ ಸೀರೆ ಇತ್ತು. ರಶ್ಮಿಗೆಂದು ಕಮರ್ಷಿಯಲ್ ಸ್ಟ್ರೀಟಿನಿಂದ ತಂದ ಗಿಳಿಹಸಿರು ರೇಷ್ಮೆ. ನಾಮಕರಣದ ಅರಿಶಿನ ಕುಂಕುಮದ ಜೊತೆ ತಟ್ಟೆಯಲ್ಲಿಟ್ಟಿದ್ದರು. ಅಲ್ಲಿ ನಿಂತ ಜಾಗದಿಂದಲೇ ತೆರೆದ ಬಾಗಿಲಿನೊಳಗೆ ಅದು ಕಾಣುತ್ತಿತ್ತು, ಕೇದಾರನ ಕಣ್ಣಿಗೂ ಕಂಡಿತ್ತು. ವೆಂಕಟಮ್ಮ ಒಳಗೆ ಹೋಗಿ ಅದನ್ನು ಎತ್ತಿಕೊಂಡಳು. ಮಡಿಕೆ ಬಿಚ್ಚಿ ಗಂಡನ ಕೈಗೆ ಒಂದು ತುದಿ ಕೊಟ್ಟಳು. ಇಬ್ಬರೂ ಸೇರಿ ಹೊದಿಸಿದರು. ಆಗ ಅವಳ ಕಣ್ಣಿಂದ ಧಾರಾಕಾರ ನೀರು ಬಂತು, ಬಾಯಿಂದ ಶಬ್ದ ಬರಲಿಲ್ಲ. ಅಷ್ಟು ಹೊತ್ತಿನ ಗೋಳಿನಲ್ಲಿ ಅದೊಂದೇ ನಿಜವಾದ ಅಳು. ಅದು ಸೀರೆಗಾಗಿ ಅತ್ತದ್ದೆಂದು ಚಿಕ್ಕಮುನಿಯಪ್ಪನಿಗೆ ಮಾತ್ರ ಗೊತ್ತಿತ್ತು.

ಅವನು ಸೀರೆಯ ಅಂಚನ್ನು ಅವಳ ಪಾದದವರೆಗೆ ಎಳೆದು ಸರಿಮಾಡಿದ. ಬರಿಗಾಲು. ಆಡಿದ ಮಾತು ನಡೆಯಿತಲ್ಲಾ ತಂದೆ, ಹೇಗಾದರೂ ನಡೆಯಿತಲ್ಲಾ ಎಂದು ಅವನ ಎದೆ ಹಗುರಾಯಿತು.

ಕೇದಾರ್ ಮೆಟ್ಟಿಲು ಹತ್ತಲಿಲ್ಲ. "ಇಂಥಾ ಹೊತ್ನ್ಯಾಗ ನಾನೇನು ಅಳೀಲ್ರಿ," ಎಂದ. "ಸ್ವಂತ ವಾಸ ಅಂತ ಬರದು ಮುಗಸ್ತೀನಿ. ನೀವು ಧೈರ್ಯ ತಗೋರಿ." ಹೆಣಕ್ಕೆ ಕೈಮುಗಿದು, ಮುದುಕನ ಭುಜ ಮುಟ್ಟಿ, ಸ್ಕೂಟರ್ ಹತ್ತಿ ಹೋದ.

ಸ್ಕೂಟರ್ ತಿರುವು ದಾಟಿತು. ವೆಂಕಟಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಕೂದಲು ಕೊಡವಿ ತುರುಬು ಕಟ್ಟಿದಳು. "ಹುಂ, ಎತ್ತಿ ಎತ್ತಿ. ಬಿಸಿಲು ಏರ್ತಾ ಇದೆ." ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಮೂಗು ಒರೆಸಿಕೊಂಡು ಹೊರಟರು. ಪ್ರೇಮಕ್ಕ ಹೋಗುತ್ತಾ ಅವಳ ಕೈ ಅದುಮಿ, "ನಂಗೇ ನಿಜ ಅನ್ನಿಸ್ಬಿಡ್ತು ಕಣೇ," ಎಂದು ಕಿಸಕ್ಕನೆ ನಕ್ಕಳು.

ಬಸುವಿಗೆ ಆ ನಗು ಕೇಳಿಸಲಿಲ್ಲ. ಅವನು ಬಂದು ವೆಂಕಟಮ್ಮನ ಕಾಲ ಮೇಲೆ ತಲೆಯಿಟ್ಟ. "ಯವ್ವಾ, ನಾ ನಿಮ್ಮನ್ನ ತಪ್ಪು ತಿಳಕೊಂಡಿದ್ದೆ. ಗೇಟು ಹಾಕಿದ್ರಿ ಅಂತ ಮನಸ್ನ್ಯಾಗ ಬೈದೆ. ಹೆತ್ತಾಕೀಗಿಂತ ಹೆಚ್ಚು ಅತ್ರಿ. ಇನ್ನ ನನಗೂ ಯಾರದಾರ? ನೀವs ಅವ್ವ, ನೀವs ಅಪ್ಪ."

"ಏಳು ಏಳು," ಎಂದು ವೆಂಕಟಮ್ಮ ಕಾಲು ಹಿಂದೆಳೆದುಕೊಂಡಳು. "ಮಣ್ಣು ಮುಗಿಸಿ ಬಂದು ಸಾಯಂಕಾಲಕ್ಕೆ ಕೋಣೆ ಖಾಲಿ ಮಾಡ್ಬಿಡಪ್ಪಾ."

ಬಸು ಕುಳಿತಲ್ಲೇ ತಲೆಯೆತ್ತಿದ.

"ಆ ಪಾಲಿಕೆಯೋನು ಮತ್ತೆ ಬಂದ್ರೆ ನೀನು ಯಾರು ಅಂತ ಹೇಳ್ಲಿ? ಮಗಳೇ ಇಲ್ಲ ಅಂದ್ಮೇಲೆ ಅಳಿಯ ಯಾಕೆ ಇರ್ತಾನೆ? ಯಾದಗಿರಿಯೋರು ಒಂದು ಜೋಡಿ ಕೋಣೆ ಕೇಳ್ಕೊಂಡು ಬಂದಿದ್ರು, ಅವರನ್ನ ತಂಗಿ ಮಗಳು ಅಂದ್ರಾಯ್ತು. ಅಡ್ವಾನ್ಸ್ ವಾಪಸ್ ಕೊಡ್ತೀನಿ, ಹೆದರ್ಬೇಡ. ಬಣ್ಣ ಹೊಡಿಸೋಕೆ ಒಂದು ತಿಂಗಳದ್ದು ಮುರ್ಕೋತೀನಿ, ಅದು ಎಲ್ಲಾರ್ಗೂ ಇರೋದೇ. ಆಮೇಲೆ ಸೀರೇದು."

"ಸೀರೀದು?"

"ರೇಷ್ಮೆ ಸೀರೆ ಬಸು ಅದು. ರಶ್ಮೀಗೆ ತಂದಿದ್ದು. ಶುಕ್ರವಾರದೊಳಗೆ ನಾನು ಇನ್ನೊಂದು ತರ್ಬೇಡ್ವಾ? ನೀನೇ ಕೇಳಿದ್ದಲ್ವಾ ಸೀರೆ ಹೊದಿಸಿ ಅಂತ."

ಬಸು ಚಿಕ್ಕಮುನಿಯಪ್ಪನ ಕಡೆ ನೋಡಿದ. ಯಪ್ಪಾ ಎನ್ನಲಿಲ್ಲ. ಬರೀ ನೋಡಿದ. ಚಿಕ್ಕಮುನಿಯಪ್ಪನಿಗೆ ಹೇಳಬೇಕಾದ ಮಾತು ಗೊತ್ತಿತ್ತು. ಸೀರೆ ನಾನು ಹೊದಿಸಿದ್ದು, ಅದಕ್ಕೆ ಬೆಲೆ ಕಟ್ಟಬೇಡ ಎಂಬ ಅಷ್ಟೇ ಮಾತು. ಮೇಲೆ ಕೋಣೆಗಳು, ಕೋಣೆಗಳ ಬಾಡಿಗೆ, ಬಾಡಿಗೆಯಿಂದ ಬರುವ ಮುದ್ದೆ, ಈಗಷ್ಟೇ ತಪ್ಪಿಹೋದ ದಂಡ, ಎಲ್ಲವೂ ಆ ಮಾತಿನ ಮೇಲೆ ಕುಳಿತವು. ಅವನು ಹೆಗಲ ಟವಲಿನಿಂದ ಮುಖ ಮುಚ್ಚಿಕೊಂಡ.

ಬಸು ಎದ್ದ. ಹೆಂಡತಿಯ ಬಳಿ ಹೋಗಿ ಆ ಗಿಳಿಹಸಿರು ಸೀರೆಯನ್ನು ಮೆಲ್ಲಗೆ ಮುಟ್ಟಿದ. ತೆಗೆದುಬಿಡುತ್ತಾನೇನೋ ಎಂದು ಚಿಕ್ಕಮುನಿಯಪ್ಪನ ಎದೆ ಹಾರಿತು. ಅವನು ತೆಗೆಯಲಿಲ್ಲ. "ಮುರಕೋರಿ," ಎಂದ. "ಅಕಿಗೆ ಹಸರು ಬಣ್ಣ ಭಾಳ ಸೇರ್ತಿತ್ತು. ನಾನs ಕೊಡಿಸಿದ್ದು ಅಂತ ತಿಳಕೋತೀನಿ." ನಿದ್ದೆಯಿಂದೆದ್ದು ಬಂದಿದ್ದ ಶರಣಪ್ಪನನ್ನು ಕರೆದು, ಇಬ್ಬರೂ ಅವಳನ್ನು ಎತ್ತಿ ವ್ಯಾನಿಗಿಟ್ಟರು.

ಚಿಕ್ಕಮುನಿಯಪ್ಪ ಹಿಂದೆಯೇ ಎರಡು ಹೆಜ್ಜೆ ಇಟ್ಟ. "ನೀನೆಲ್ಲಿಗೆ?" ಎಂದಳು ವೆಂಕಟಮ್ಮ. "ಸ್ಮಶಾನಕ್ಕೆ ಹೋಗಿ ಬಂದು ಶುಕ್ರವಾರ ಮೊಮ್ಮಗೂನ ಎತ್ಕೋತೀಯಾ?" ಅವನು ನಿಂತ. ವ್ಯಾನು ಹೋಯಿತು. ವೆಂಕಟಮ್ಮ ಎರಡು ಕೊಡ ನೀರು ಸುರಿದು ಅಂಗಳ ತೊಳೆದಳು. ಗೋಣಿಚೀಲ ಬಗ್ಗಿಸಿ ಬಾಡಿಗೆಯವರ ಚಪ್ಪಲಿಗಳನ್ನು ಮತ್ತೆ ಮೆಟ್ಟಿಲ ಮೇಲೆ ಜೋಡಿಸಿದಳು. ಪಿನ್ನು ಚುಚ್ಚಿದ ಜೊತೆಯನ್ನು ಮಾತ್ರ ತೆಗೆದು ಕಸದ ಗಾಡಿಗೆಂದು ಗೇಟಿನ ಹೊರಗಿಟ್ಟಳು.

ಬಸು ಸಂಜೆ ಬಂದು ಕೋಣೆ ಖಾಲಿ ಮಾಡಿದ. ಉಳಿದ ಅಡ್ವಾನ್ಸನ್ನು ಎಣಿಸದೆ ಜೇಬಿಗೆ ಹಾಕಿಕೊಂಡ. ಹೊರಡುವಾಗ ಬೀಗದ ಕೈಯನ್ನು ದೇವರ ಪಟದ ಮುಂದೆ ಕುಳಿತಿದ್ದ ಮುದುಕನ ಪಕ್ಕದಲ್ಲಿಟ್ಟು, "ಬರ್ತೀನ್ರಿ ಓನರ್ರ," ಎಂದ.

ಮೂರನೆಯ ದಿನ ಹಾಲುತುಪ್ಪ. ಅಂಗಡಿಗೆ ಹೋಗಿ ಬರುತ್ತೇನೆಂದು ಹೇಳಿ ಚಿಕ್ಕಮುನಿಯಪ್ಪ ಒಂದು ಪೊಟ್ಟಣ ಹಾಲು, ಎಲೆಯಲ್ಲಿ ಒಂದಿಷ್ಟು ತುಪ್ಪ ಹಿಡಿದು ಸ್ಮಶಾನಕ್ಕೆ ನಡೆದ. ಕಸದ ಗಾಡಿ ಬರುವ ಮೊದಲೇ ಎತ್ತಿ ಬಚ್ಚಿಟ್ಟಿದ್ದ ಆ ಚಪ್ಪಲಿ ಅವನ ಕಂಕುಳಲ್ಲಿತ್ತು. ಗುಂಡಿ ತೋಡುವ ಮುನಿಆಂಜನಪ್ಪ ಬೇಲಿಯ ನೆರಳಲ್ಲಿ ಬೀಡಿ ಸೇದುತ್ತಿದ್ದ.

"ಸೋಮವಾರದ್ದಾ? ಹಸಿರು ಸೀರೆ ಹೊದ್ದಿದ್ದ ಹೆಣ್ಣುಮಗಳಾ? ಗಂಡ ಬೆಳಿಗ್ಗೇನೇ ಬಂದು ಹಾಲು ಬಿಟ್ಟು ಹೋದ. ಊರಿಗೆ ಹೊರಟಿದ್ದ, ಹಾಸಿಗೆ ಸುರುಳಿ ಹೆಗಲ ಮೇಲೇ ಇತ್ತು. ತವರಿನೋರು ಯಾರೂ ಬರಲ್ವೇನಪ್ಪಾ ಅಂದೆ. ಅವಳಿಗೆ ಯಾರೂ ಇಲ್ಲ ಅಂದ." ಹೊಗೆ ಬಿಟ್ಟು ಮುದುಕನನ್ನು ಮೇಲಿಂದ ಕೆಳಗೆ ನೋಡಿದ. "ನಿಮಗೇನಾಗ್ಬೇಕು?"

ಮಗಳು ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅದನ್ನು ಅವನು ಒಮ್ಮೆ ಖರ್ಚು ಮಾಡಿಬಿಟ್ಟಿದ್ದ.

"ನಮ್ಮ ಮನೇಲಿ ಬಾಡಿಗೆಗಿದ್ದಳು," ಎಂದ.

ಪಾಲಿಕೆಗೆ ಹೇಳಬೇಕಾಗಿದ್ದ ನಿಜವನ್ನು ಗುಂಡಿ ತೋಡುವವನಿಗೆ ಹೇಳಿದ. ಮುನಿಆಂಜನಪ್ಪ ತಲೆಯಾಡಿಸಿ ಬೆರಳು ತೋರಿಸಿದ. ಹೊಸ ಮಣ್ಣಿನ ಗುಡ್ಡೆ. ಅದರ ಮೇಲೆ ಬಸು ಬಿಟ್ಟ ಹಾಲಿನ ಕಲೆಗೆ ಆಗಲೇ ಇರುವೆ ಮುತ್ತಿತ್ತು. ಚಿಕ್ಕಮುನಿಯಪ್ಪ ಕಾಲಿನ ಕಡೆ ಚಪ್ಪಲಿಯನ್ನಿಟ್ಟ. ಹಾಲು ಬಿಟ್ಟ, ತುಪ್ಪ ಬಿಟ್ಟ. ಮಂಡಿಯೂರಿದ. ಎಷ್ಟೋ ವರ್ಷ ದೇವರ ಮುಂದೆ ಹೇಳಿಕೊಂಡು ಬಂದ ಮಂತ್ರಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಬಂದ ಮಾತನ್ನೇ ಹೇಳಿದ.

"ಶಿವನೇ, ಇವಳ ಹೆಸರು ಹುಸೇನಮ್ಮ. ನೀನಾದರೂ ಇವಳ ಮುಂದೆ ಗೇಟು ಹಾಕಬೇಡ. ನನ್ನವಳು ಎಂದು ಕರೆ, ಕರೆದ ಮೇಲೆ ಕೈ ಬಿಡಬೇಡ. ನಿನ್ನ ಮನೆಯಲ್ಲಿ ಇವಳಿಗೆ ಜಾಗ ಕೊಡು ತಂದೆ. ಈ ಮಗುವಿನ ಜೀವ ತಣ್ಣಗಿರಲಿ."